ಮಾವ ಜೀಪನ್ನು ಎತ್ತರಿಸಿದ್ದು

ನನ್ನ ಸೋದರಮಾವ ಈ ಜನ್ಮದಲ್ಲಿ ಒಮ್ಮೆಯೂ ಕ್ಷೌರದಂಗಡಿಯೊಳಗೆ ಕಾಲಿಟ್ಟವರಲ್ಲ ಎಂದರೆ ನೀವು ನಂಬಬೇಕು. ನಂಬಿಕೆ ಬಾರದಿದ್ದರೆ ಅವರ ತಲೆಯ ಹಿಂಭಾಗ ನೋಡಿ! ಜೀಪಿನ ಕನ್ನಡಿಯಲ್ಲಿ ನೋಡಿಕೊಂಡು ತಾವೇ ಕತ್ತರಿಸಿಕೊಂಡ ಕೂದಲು ಅದು. ಮನೆಯ ಯಾವ ವಸ್ತುವಿಗೂ ಹೊರಗಿನವರ ಕೈ ತಾಗಬಾರದು ಎಂಬುದು ನಿವೃತ್ತ ಗಣಿತ ಮಾಸ್ತರರಾದ ಅವರ ಹಟ. ಒಮ್ಮೆ ರಿಪೇರಿಗೆಂದು ಮಿಕ್ಸಿ ಬಿಚ್ಚಿದ್ದರು. ಅದು ಇನ್ನೂ ಬಿಚ್ಚಿಕೊಂಡೇ ಇದೆ.

ಇಂಥವರು ಜೀಪಿಗೆ ಕೈಹಾಕಿದಾಗ ಮಾತ್ರ ನಗುವ ಸ್ಥಿತಿಯಲ್ಲಿ ನಾವ್ಯಾರೂ ಇರಲಿಲ್ಲ. ಅತ್ತೆಯ ಬೆನ್ನುಮೂಳೆಯಲ್ಲಿ ಕೆಟ್ಟ ಗಡ್ಡೆ ಬೆಳೆದಿತ್ತು. ವಾರವಾರವೂ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕು. ಅಡೂರಿನ ಡಾಮರು ರಸ್ತೆ ಸಿಗುವವರೆಗೆ ಬರೀ ಕಲ್ಲಿನ ದಾರಿ. ಜೀಪಿನ ಹೊಟ್ಟೆ ಕಲ್ಲಿಗೆ ಬಡಿದಾಗಲೆಲ್ಲ ಅತ್ತೆಯ ಜೀವ ಬಾಯಿಗೆ ಬರುತ್ತಿತ್ತು.

"ಪಂಚಾಯತಿನವರ ಹತ್ರ ಹೇಳುವ ಮಾವ, ದಾರಿ ಸರಿ ಮಾಡಿಸ್ಲಿ," ಎಂದೆ.

"ದಾರಿ ಪಂಚಾಯತಿನ ಕೈಯಲ್ಲುಂಟು. ಜೀಪು ನನ್ನ ಕೈಯಲ್ಲುಂಟು ಮಾರಾಯ!"

ಹೊಸ ಸ್ಮಾರ್ಟ್‌ಫೋನಿನಲ್ಲಿ ವಿಡಿಯೋ ನೋಡಿ, ಜೀಪನ್ನು ಎತ್ತರಿಸುವ ಲಿಫ್ಟ್ ಕಿಟ್ ತರಿಸಿದರು. ಪೆಟ್ಟಿಗೆಯೊಳಗೆ ದಪ್ಪ ಕಬ್ಬಿಣದ ತುಂಡುಗಳು, ಉದ್ದುದ್ದ ಬೋಲ್ಟುಗಳು. ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿಗೂ ಸ್ಪ್ರಿಂಗ್ ಪ್ಲೇಟಿಗೂ ನಡುವೆ ಆ ತುಂಡು ಕೂರಿಸಿ ಬಿಗಿದರೆ ಜೀಪು ಅಷ್ಟು ಮೇಲೇಳುತ್ತದಂತೆ. ಮಾವ ದಾರಿಯ ಒಂದೊಂದು ಕಲ್ಲನ್ನೂ ಸ್ಕೇಲಿನಲ್ಲಿ ಅಳೆದು ಬಂದರು. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ!

ಜಾಕಿ ಕೊಟ್ಟು, ಕೆಳಗೆ ಕೆಂಪುಕಲ್ಲು ಪೇರಿಸಿ ಜೀಪನ್ನು ಅಂಗಳದಲ್ಲಿ ನಿಲ್ಲಿಸಿದರು. ತುಕ್ಕು ಹಿಡಿದ ನಟ್ಟು ಜಪ್ಪಯ್ಯ ಎಂದರೂ ಬಿಡಲಿಲ್ಲ. ಮಾವ ಒಳಗೆ ಹೋಗಿ ಅತ್ತೆಯ ನೋವಿನ ತೈಲವನ್ನೇ ತಂದು ಸುರಿದರು. ಮರುದಿನ ನಟ್ಟು ಸಲೀಸಾಗಿ ತಿರುಗಿತು!

"ನನ್ನ ಸೊಂಟಕ್ಕೆ ಆಗದ ತೈಲ ನಿಮ್ಮ ನಟ್ಟಿಗಾದ್ರೂ ಆಯ್ತಲ್ಲ," ಎಂದರು ಜಗಲಿಯಲ್ಲಿ ಮಲಗಿದ್ದ ಅತ್ತೆ. ನಾನು ನಕ್ಕೆ. ಮಾವ ನಗಲಿಲ್ಲ.

ಆಮೇಲೆ ಅವರ ವಾಸವೆಲ್ಲ ಜೀಪಿನ ಅಡಿಯಲ್ಲೇ. ರೋಗಿಯನ್ನು ನೋಡಲು ಬಂದ ನೆಂಟರು ಮಾವನ ಪಾದಗಳ ಜೊತೆ ಮಾತಾಡಿ, ಚಹಾ ಕುಡಿದು ಹೋದರು! ಅತ್ತೆ ನನ್ನ ಜೊತೆ ಬಾಡಿಗೆ ಕಾರಿನಲ್ಲಿ ನರಳುತ್ತ ಆಸ್ಪತ್ರೆಗೆ ಹೋಗಿಬರುತ್ತಿದ್ದರು.

ಕೊನೆಗೂ ಜೀಪು ಎದ್ದು ನಿಂತಿತು. ಮಾವ ಒಂದು ಸುತ್ತು ಹೋಗಿ ಬಂದರು.

"ಒಂದೇ ಒಂದು ಕಲ್ಲು ತಾಗ್ಲಿಲ್ಲ! ಈಗ ಹತ್ತು ನೀನು."

ಅತ್ತೆ ಊರುಗೋಲು ಹಿಡಿದು ಬಂದರು. ಕಾಲಿಡುವ ಮೆಟ್ಟಿಲು ಹೆಚ್ಚುಕಡಿಮೆ ಅವರ ಸೊಂಟದ ಎತ್ತರದಲ್ಲಿತ್ತು.

"ಎಂತ ಮಾಡುದು ಮಾರಾಯ್ರೆ? ನನ್ಗೆ ಅಷ್ಟು ಕಾಲೆತ್ತಲಿಕ್ಕೆ ಆಗುದಿಲ್ಲ."

ಕಲ್ಲುಗಳನ್ನೆಲ್ಲ ಅಳೆದ ಮಾಸ್ತರರು ಹೆಂಡತಿಯ ಕಾಲು ಎಷ್ಟು ಏಳುತ್ತದೆಂದು ನೋಡಿರಲಿಲ್ಲ. ನಾನು ಓಡಿ ಸ್ಟೂಲು ತಂದೆ. ಮಾವ ಅದನ್ನು ಬದಿಗೆ ಸರಿಸಿದರು. ನಾಲ್ಕು ಜನರ ಎದುರು ಹೆಂಡತಿಯ ಪಕ್ಕದಲ್ಲಿ ನಡೆಯಲೂ ನಾಚುತ್ತಿದ್ದ ಮನುಷ್ಯ ಉಸಿರು ಬಿಗಿಹಿಡಿದು ಬಗ್ಗಿ, ಅತ್ತೆಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡರು. ಭಾರವೇ ಇರಲಿಲ್ಲ.

"ನೀನು ಇಷ್ಟು ಹಗುರ ಆದದ್ದು ಯಾವಾಗ? ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನೀವು ಜೀಪಿನಡಿಯಲ್ಲಿ ಇದ್ದಿರಲ್ಲ," ಎಂದರು ಅತ್ತೆ ಮೆಲ್ಲಗೆ.

ನನಗೆ ಅಳು ತಡೆಯಲಾಗಲಿಲ್ಲ. ಜೀಪಿನ ಬಾಗಿಲು ತೆರೆದೇ ಇತ್ತು. ಮಾವ ಅವರನ್ನು ಸೀಟಿನಲ್ಲಿ ಕೂರಿಸದೆ ಹಾಗೆಯೇ ಎತ್ತಿಕೊಂಡು ನಿಂತುಬಿಟ್ಟರು.