ಕೀಲುನೋವಿನ ಮಾತ್ರೆಯಲ್ಲಿ ಗಂಜಿ ಹುಡುಕುವವರ ಗಮನಕ್ಕೆ

ಕೀಲುನೋವು ಶಮನ ಇಲಾಖೆ
ವಲಯ ಕಚೇರಿ, ಚಿತ್ರದುರ್ಗ

ಸಂಖ್ಯೆ: ಕೀನೋಶ/ಮಾತ್ರೆ/ಗಂಜಿ/17/2024-25

ಸುತ್ತೋಲೆ

ವಿಷಯ: ನೋವಿನ ಉಚಿತ ಮಾತ್ರೆಯನ್ನು ಗಟ್ಟಿಗೊಳಿಸಲು ಯಾವ ಧಾನ್ಯದ ಗಂಜಿ (ಪಿಷ್ಟ) ಬೆರೆಸಿದೆ ಎಂದು ಸಾರ್ವಜನಿಕರು ಕೇಳುತ್ತಿರುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: 1) ಮತ್ತೋಡಿನ ಶ್ರೀಮತಿ ಹುಚ್ಚಕ್ಕ ಅವರ ಮೂರನೇ ಅರ್ಜಿ (ಮೊದಲೆರಡು ಸುರಕ್ಷಿತವಾಗಿ ಕಟ್ಟಿಡಲ್ಪಟ್ಟಿವೆ).
2) ಹೊಸದುರ್ಗ ಶಾಖೆಯಲ್ಲಿ ನಡೆದ ವಿಚಾರಣೆಯ ನಡಾವಳಿ.

ಸದರಿ ಹುಚ್ಚಕ್ಕ ಅವರು ಕಂಬಳಿ ನೇಯುವವರಾಗಿದ್ದು, ಬೆರಳು ಮತ್ತು ಮಂಡಿ ಬಾತಿರುವ ಕಾರಣ ಇಲಾಖೆಯ ಮಾತ್ರೆ ಸೇವಿಸುತ್ತಿದ್ದಾರೆ. ಗೋಧಿ ಅವರ ಕರುಳಿಗೆ ಆಗುವುದಿಲ್ಲವೆಂದು ವೈದ್ಯರು ಹೇಳಿದ್ದರಿಂದ ಚಪಾತಿ, ರವೆ, ಬಿಸ್ಕತ್ತು ಬಿಟ್ಟು ರಾಗಿಮುದ್ದೆಯಲ್ಲೇ ಇದ್ದರೂ ಹೊಟ್ಟೆ ಕೆಡುವುದು ನಿಂತಿಲ್ಲ. ಮಾತ್ರೆ ಬಿಟ್ಟರೆ ಬೆರಳು ಮಡಚುವುದಿಲ್ಲ, ಮಗ್ಗ ನಿಲ್ಲುತ್ತದೆ ಎಂಬುದು ಅವರ ಅಹವಾಲು. ವಿಚಾರಣೆಯ ದಿನ ಅವರು ಎರಡು ಮಾತ್ರೆಗಳನ್ನು ಅಧಿಕಾರಿಗಳ ಚಹಾ ಲೋಟದಲ್ಲಿ ನೆನೆಸಿ, ಉಣ್ಣೆ ನೂಲಿಗೆ ಬಳಿದು, ಒಣಗಿದ ನೂಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಈ ಕೆಳಗಿನ ಹೇಳಿಕೆ ನೀಡಿರುತ್ತಾರೆ:

“ನಲವತ್ತು ವರ್ಷ ಮಗ್ಗದ ನೂಲಿಗೆ ಹುಣಸೆಬೀಜದ ಗಂಜಿ ಬಳ್ದೀನಿ ಕಣಪ್ಪ, ಗಂಜಿ ಅಂದ್ರೆ ಬೆರಳಿಗೇ ಗೊತ್ತಾಗ್ತೈತೆ. ಐತೆ ಅಂತ ನಾನೇ ಹೇಳ್ದೆ, ಯಾವ್ದು ಅಂತ ನೀವು ಹೇಳ್ರಿ. ಮೆಕ್ಕೆಜೋಳದ್ದಾದ್ರೆ ನುಂಗ್ತೀನಿ. ಗೋಧೀದಾದ್ರೆ ನೀವೇ ನುಂಗ್ರಿ.”

ಕೊನೆಯ ವಾಕ್ಯದಿಂದ ಇಲಾಖೆಯ ಘನತೆಗೆ ಧಕ್ಕೆಯಾಗಿರುವುದರಿಂದ ಈ ಮೂಲಕ ಆದೇಶಿಸಿರುವುದೇನೆಂದರೆ:

1. ಮಾತ್ರೆಯ ಪಟ್ಟಿಯ ಮೇಲೆ ಔಷಧದ ಹೆಸರಿದೆ. ಉಳಿದದ್ದಕ್ಕೆ ‘ಇತರೆ’ ಎಂದಿದೆ. ಇತರೆಯನ್ನು ಬಚ್ಚಿಟ್ಟಿದೆ ಎನ್ನತಕ್ಕದ್ದಲ್ಲ. ಅದನ್ನು ಯಾರಿಗೂ ಹೇಳಿಲ್ಲ, ಅಷ್ಟೇ.

2. ಗಂಜಿಯ ಬಗ್ಗೆ ಹಿರಿಯೂರಿನಲ್ಲಿ ಕೇಳಿದವರನ್ನು ಹೊಳಲ್ಕೆರೆಗೂ, ಹೊಳಲ್ಕೆರೆಯವರನ್ನು ಹೊಸದುರ್ಗಕ್ಕೂ, ಹೊಸದುರ್ಗದವರನ್ನು ಚಿತ್ರದುರ್ಗಕ್ಕೂ, ಇಲ್ಲಿಂದ ಪುನಃ ಹಿರಿಯೂರಿಗೂ ಕಳುಹಿಸತಕ್ಕದ್ದು. ಬಸ್ಸು ಹತ್ತಿ ಇಳಿಯುವುದರಿಂದ ಮಂಡಿಗೆ ಆಗುವ ವ್ಯಾಯಾಮವನ್ನು ಇಲಾಖೆಯ ಸಾಧನೆಯಲ್ಲಿ ಸೇರಿಸತಕ್ಕದ್ದು.

3. ನೇಕಾರರು, ಮಡಿವಾಳರು, ಅಡುಗೆಯವರು ಮುಂತಾಗಿ ಕೈಯಿಂದಲೇ ಗಂಜಿ ಗುರುತಿಸಬಲ್ಲವರು ಗವುಸು ತೊಟ್ಟು ಮಾತ್ರೆ ಪಡೆಯತಕ್ಕದ್ದು. ಬಾತ ಬೆರಳಿಗೆ ಗವುಸು ಹಿಡಿಸದಿದ್ದಲ್ಲಿ ಬಾವು ಇಳಿದ ಮೇಲೆ ಬರತಕ್ಕದ್ದು.

4. ಜಪ್ತಿಯಾದ ನೂಲು ಉಣ್ಣೆಯದಾದ್ದರಿಂದ ಉಣ್ಣೆ ವಿಭಾಗಕ್ಕೆ ಕಳುಹಿಸಲಾಗಿತ್ತು. ನೂಲು ಉತ್ತಮವಾಗಿ ಬಿಗಿದಿದೆ ಎಂದು ಸದರಿ ವಿಭಾಗ ವರದಿ ನೀಡಿದೆ. ಕಂಬಳಿಗೆ ಒಳ್ಳೆಯದಾದ ಮಾತ್ರೆ ಮನುಷ್ಯರಿಗೂ ಒಳ್ಳೆಯದೇ ಎಂದು ತೀರ್ಮಾನಿಸಲಾಗಿದೆ.

5. ಹೊಸದುರ್ಗ ಶಾಖೆಯ ಔಷಧ ವಿತರಕಿ ಕುಮಾರಿ ಆಶಾರಾಣಿ ಅವರು ತಯಾರಕರಿಗೆ ತಾವೇ ದೂರವಾಣಿ ಕರೆ ಮಾಡಿ, ಉತ್ತರವನ್ನು ಚೀಟಿಯಲ್ಲಿ ಬರೆದು ಕಡತಕ್ಕೆ ಲಗತ್ತಿಸಿರುತ್ತಾರೆ. ಹನ್ನೊಂದು ತಿಂಗಳು ಆರು ಮೇಜುಗಳು ಶ್ರಮಿಸಿದ ವಿಷಯವನ್ನು ನಾಲ್ಕು ನಿಮಿಷದಲ್ಲಿ ತಿಳಿದುಕೊಂಡಿದ್ದೇಕೆ ಎಂದು ಕಾರಣ ಕೇಳಿ ನೋಟಿಸು ನೀಡಲಾಗಿದೆ. ಚೀಟಿಯಲ್ಲಿ ‘ಗೋಧಿ’ ಎಂದಿರುವುದು ಗೌಪ್ಯವಾಗಿದ್ದು, ಈ ಕಂಡಿಕೆಯನ್ನು ಓದಿದವರು ಓದಿಲ್ಲವೆಂದು ಬರೆದುಕೊಡತಕ್ಕದ್ದು.

6. ಬೇರೆ ಗಂಜಿಯ ಮಾತ್ರೆ ಉಗ್ರಾಣದಲ್ಲಿ ಲಭ್ಯವಿದೆ. ಆದರೆ ಯಾರೂ ಕೇಳಬಾರದೆಂದು ಈಗ ಆದೇಶವಾಗಿರುವುದರಿಂದ ಅದನ್ನು ಯಾರಿಗೂ ಕೊಡಲು ಅವಕಾಶವಿರುವುದಿಲ್ಲ.

7. ಅರ್ಜಿದಾರರು ಬೆರಳು ಮತ್ತು ಹೊಟ್ಟೆ ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ಹತ್ತು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ಎರಡೂ ಬೇಡವೆಂದು ಭಾವಿಸಿ ಕಡತ ಮುಕ್ತಾಯಗೊಳಿಸಲಾಗುವುದು.

ಸಹಿ/-
(ಕರಿಸಿದ್ದಪ್ಪ)
ವಲಯ ಅಧಿಕಾರಿ (ಪ್ರಭಾರ)

ಪ್ರತಿಗಳು:
1. ಎಲ್ಲಾ ಶಾಖೆಗಳಿಗೆ: ಗೋಡೆಗೆ ಅಂಟಿಸುವ ಸಲುವಾಗಿ. ಅಂಟು ಯಾವುದರದೆಂದು ಕೇಳತಕ್ಕದ್ದಲ್ಲ.
2. ಮಾತ್ರೆ ತಯಾರಕರಿಗೆ: ಪಟ್ಟಿಯ ಮೇಲೆ ಪಾಲಿಸಿದ ಮೌನಕ್ಕಾಗಿ ವಂದನೆಗಳೊಂದಿಗೆ.
3. ಉಣ್ಣೆ ವಿಭಾಗಕ್ಕೆ: ನೂಲನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ.
4. ಶ್ರೀಮತಿ ಹುಚ್ಚಕ್ಕ, ಮತ್ತೋಡು: ಮಾಹಿತಿಗಾಗಿ. ಅದೇ ಮಾತ್ರೆಯ ಒಂದು ಪಟ್ಟಿ ಲಗತ್ತಿಸಿದೆ. ನುಂಗಿ ವರದಿ ಸಲ್ಲಿಸುವುದು.