ಫೌಸ್ಟಿನಾಳ ತುರುಬು

ಹೊಟ್ಟೆಕಿಚ್ಚು ಎಂಬ ರೋಗ ತನ್ನ ತವರಿನಲ್ಲಿ ಮೂರು ತಲೆಮಾರಿನಿಂದ ಯಾರಿಗೂ ತಗುಲಿಲ್ಲ, ತನಗಂತೂ ತಗುಲುವ ಮಾತೇ ಇಲ್ಲ ಎಂದು ಮಹಾನಂದಾ ಇಳಕಲ್ಲಿನ ತನ್ನ ಓಣಿಯ ಹೆಂಗಸರ ಮುಂದೆ ಘೋಷಿಸಿದ್ದು ಸೋಮವಾರ. ಬುಧವಾರದ ಹೊತ್ತಿಗೆ ಅವಳ ಹೊಟ್ಟೆಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು!

ಕಾರಣ ಗಂಡ ಅಂದಾನಪ್ಪ. ಸೀರೆ ಅಂಗಡಿಯ ಈ ಮಾಲೀಕ ಹುಬ್ಬಳ್ಳಿಯ ಪ್ರದರ್ಶನವೊಂದರಿಂದ ರೋಮ್ ಚಕ್ರವರ್ತಿಗಳ ಕಾಲದ ಕಂಚಿನ ನಾಣ್ಯ ತಂದಿದ್ದ. ಅದರ ಮೇಲಿನ ಮುಖ ಯಾರದೆಂದು ಗುರುತಿಸಿಯೇ ತೀರುತ್ತೇನೆಂದು ಭೂತಗನ್ನಡಿ ಹಿಡಿದು ಕೂತವನು ಊಟಕ್ಕೂ ಏಳಲಿಲ್ಲ. ನಾಣ್ಯವೆಂದರೆ ಗಡ್ಡದ ರಾಜ, ಹೆಚ್ಚೆಂದರೆ ಒಂದು ಸಿಂಹ ಎಂದುಕೊಂಡು ಮಹಾನಂದಾ ಸುಮ್ಮನಿದ್ದಳು. ಬುಧವಾರ ಅವನು ಹಿತ್ತಲಲ್ಲಿ ನಿಂತು, ಹುನಗುಂದದ ನಾಣ್ಯ ಪಂಡಿತ ಸುಭಾನಸಾಬನಿಗೆ ಫೋನಿನಲ್ಲಿ ಪಿಸುಗುಟ್ಟುವುದು ಅವಳ ಕಿವಿಗೆ ಬಿತ್ತು.

"ಫೌಸ್ಟಿನಾ ಅನ್ನೋದಂತೂ ಖರೆ ರೀ! ಆದ್ರ ತಾಯಿ-ಮಗಳು ಇಬ್ಬರದೂ ಅದ ಹೆಸರು. ತುರುಬು ನೆತ್ತಿ ಮ್ಯಾಲಿದ್ರ ತಾಯಿ, ಹಿಂದಿದ್ರ ಮಗಳು. ನನ್ನ ಕೈಗೆ ಸಿಕ್ಕಾಕಿ ಯಾವಾಕಿ ಅಂತ ತಿಳಿವಲ್ದು. ನಾಳೆ ಕರಕೊಂಡ ಬರ್ತೇನಿ. ನಮ್ಮಾಕಿ ಕೈಗೆ ಮಾತ್ರ ಸಿಗಬಾರದು, ತಿಕ್ಕಿಬಿಡ್ತಾಳ!"

ಪಾಪ, ಅವನು ಹೇಳುತ್ತಿದ್ದುದು ನಾಣ್ಯದ ಮೇಲಿನ ರೋಮ್ ರಾಣಿಯ ಮಾತು; ಅವನ ಭಯವೆಲ್ಲ ಹುಣಸೆಹಣ್ಣಿನದು. ಮನೆಯಲ್ಲಿ ಕಂಚು, ಹಿತ್ತಾಳೆ ಕಂಡರೆ ತಿಕ್ಕದೆ ಬಿಟ್ಟವಳಲ್ಲ ಅವಳು. ನಾಣ್ಯದ ಮೇಲೆ ಶತಮಾನಗಳಿಂದ ಕೂತ ಹಸಿರು ಕಿಲುಬು ಹೋದರೆ ಅದರ ಮಾನವೇ ಹೋದಂತೆ. ಆದರೆ ಮಹಾನಂದಾಗೆ ಕೇಳಿಸಿದ ತಿಕ್ಕಾಟವೇ ಬೇರೆ!

"ತಾಯಿನೂ ಬೇಕು, ಮಗಳೂ ಬೇಕು? ತಿಕ್ತೇನಿ, ಮೂವರನ್ನೂ ಕೂಡೇ ತಿಕ್ತೇನಿ!"

ಅಂದು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಕನ್ನಡಿಯ ಮುಂದೆ ನಿಂತು ತುರುಬನ್ನು ನೆತ್ತಿಗೇರಿಸಿ ನೋಡಿದಳು, ಹಿಂದಕ್ಕಿಳಿಸಿ ನೋಡಿದಳು, ಕೊನೆಗೆ ಅತ್ತಳು. ಮೂವತ್ತು ವರ್ಷದಲ್ಲಿ ಈ ಮನುಷ್ಯ ತನ್ನ ತುರುಬು ಎಲ್ಲಿದೆ ಎಂದು ಒಮ್ಮೆಯಾದರೂ ನೋಡಿದ್ದನೇ?

ಮರುದಿನ ಅವನು ಹೋದ ಬಸ್ಸಿನ ಹಿಂದಿನ ಬಸ್ಸು ಹಿಡಿದು ಹುನಗುಂದ ತಲುಪಿದಳು. ಸುಭಾನಸಾಬನ ಮನೆಯ ಬಾಗಿಲು ದೂಡಿಕೊಂಡೇ ಒಳನುಗ್ಗಿದಳು.

"ಎಲ್ಲಿ ಅದಾಳ ಆಕಿ? ತಾಯಿನೋ ಮಗಳೋ, ಹೊರಗ ಕರೀರಿ!"

ಅಂದಾನಪ್ಪ ತಟ್ಟನೆ ಮುಷ್ಟಿಯನ್ನು ಬೆನ್ನ ಹಿಂದೆ ಅಡಗಿಸಿದ. "ನಿನ್ನ ಕಾಲ ಬೀಳ್ತೇನಿ, ತಿಕ್ಕಬ್ಯಾಡ! ಸಾವಿರದ ಎಂಟನೂರು ವರ್ಷದಾಕಿ!"

ಮುಷ್ಟಿ ಬಿಡಿಸಿದರೆ ಒಳಗೆ ಹಸಿರುಗಟ್ಟಿದ ಒಂದು ಬಿಲ್ಲೆ. ಸವತಿಯ ಅಳತೆ ಕಂಡು ಮಹಾನಂದಾಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೂ ಸೋಲೊಪ್ಪದೆ ಭೂತಗನ್ನಡಿ ಕಸಿದುಕೊಂಡಳು.

"ತಲಿ ಮ್ಯಾಲಿನದು ಕಿರೀಟ ಇರಬೇಕ್ರಿ ವೈನಿ," ಎಂದ ಸುಭಾನಸಾಬ.

"ಯಾ ಕಿರೀಟ? ಹೆರಳ ಹೆಣದು ನೆತ್ತಿ ಮ್ಯಾಲ ಸುತ್ತ್ಯಾಳ. ಇಕಿ ತಾಯಿ! ಗಂಡಸರಿಗೆ ಏನ ತಿಳೀತೈತಿ!"

ಸುಭಾನಸಾಬ ಪುಸ್ತಕದ ಚಿತ್ರಕ್ಕೆ ಹೋಲಿಸಿ ನೋಡಿ ಕೈಮುಗಿದೇಬಿಟ್ಟ. "ಖರೆ ರೀ! ರಾಜಾಗ ಈ ಹೆಂಡ್ತಿ ಮ್ಯಾಲ ಭಾಳ ಜೀವ. ಇಕಿ ಮಾರಿ ಅಚ್ಚು ಹಾಕಿ ಲೆಕ್ಕ ಇಲ್ಲದಷ್ಟು ನಾಣ್ಯ ಹೊಡಸ್ಯಾನ."

ಆರಿದ್ದ ಕಿಚ್ಚು ಮತ್ತೆ ಭುಗಿಲೆಂದಿತು! "ಕೇಳಿದ್ರಿ? ಗಂಡ ಅಂದ್ರ ಅಂವ! ಅಂಗಡಿ ಬೋರ್ಡಿನ ಮ್ಯಾಲರ ನನ್ನ ಹೆಸರು ಬರಸ್ರಿ ಅಂದ್ರ ನಿಮ್ಮ ಕೈಲೆ ಆಗಲಿಲ್ಲ!"

"ಬರಸೋಣಂತ," ಎಂದ ಅಂದಾನಪ್ಪ, ನಾಣ್ಯವನ್ನು ಅರಿವೆಯಲ್ಲಿ ಸುತ್ತುತ್ತ. "ಆದ್ರ ಆ ರಾಜಾ ಇದನ್ನ ಹೊಡಿಸಿದ್ದು ಹೆಂಡ್ತಿ ಸತ್ತ ಮ್ಯಾಲ."

ಮಹಾನಂದಾ ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಇರ್ಲಿ ಬಿಡ್ರಿ. ಬೋರ್ಡಿನ ಮ್ಯಾಲ ನಿಮ್ಮ ಹೆಸರ ಚೆಂದ ಕಾಣತೈತಿ!"