ದೊಡ್ಡಮ್ಮನ ಫೋನಿಗೆ ಹೊಸ ವಿದ್ಯೆ

ಗಲ್ಫಿಗೆ ಹೋದವರಿರುವ ಕುಟುಂಬದಲ್ಲಿ ಫೋನಿಗೆ ಮುಪ್ಪುಂಟು, ಮರಣವಿಲ್ಲ. ದುಬೈಯ ಅಣ್ಣ ಹೊಸದು ಕೊಂಡರೆ ಅವನ ಹಳೆಯದು ಕಾಪುವಿನ ತಂಗಿ ಚೈತಾಲಿಗೆ, ಅವಳದು ಅಮ್ಮನಿಗೆ, ಅಮ್ಮನದು ಕಾರ್ಕಳದ ಕುಶಲಾ ದೊಡ್ಡಮ್ಮನಿಗೆ.

ಚೈತಾಲಿಯ ಗಂಡ ಉಜ್ವಲನಿಗೆ ಇದೇ ಸಂಕಟ. ಮಣಿಪಾಲದ ಕಂಪೆನಿಯೊಂದರಲ್ಲಿ ಆಪ್ ಬರೆಯುವ ಅವನು ಹೆಂಡತಿಯ ಪತ್ರೊಡೆ ವ್ಯಾಪಾರಕ್ಕೂ ಒಂದು ಬರೆದುಕೊಟ್ಟಿದ್ದ. ದೊಡ್ಡಮ್ಮನ ಫೋನಿನಲ್ಲಿ ಮಾತ್ರ ಆರ್ಡರ್ ಒತ್ತಿದ ಕೂಡಲೇ ಪರದೆ ಕಲ್ಲಾಗಿ ನಿಲ್ಲುತ್ತಿತ್ತು; ಆರ್ಡರ್ ತಲುಪಿದ ಮೇಲೆಯೇ ಅದಕ್ಕೆ ಜೀವ. ಹಾಗೆ ನಿಲ್ಲದೆ, ಒಂದು ಕೆಲಸವನ್ನು ಅದರ ಪಾಡಿಗೆ ಬಿಟ್ಟು ಮುಂದಿನದಕ್ಕೆ ಹೋಗುವ 'ಅಸಿಂಕ್' ಎಂಬ ವಿದ್ಯೆ ಹೊಸ ಫೋನುಗಳಿಗೆ ಮಾತ್ರ ಬರುತ್ತಿತ್ತು. ಈಗ ಹಳೆಯವಕ್ಕೂ ಅದನ್ನು ಕಲಿಸಬಹುದೆಂದು ತಿಳಿದದ್ದೇ ತಡ, ಉಜ್ವಲ ಭಾನುವಾರವೆಲ್ಲ ಕೂತು ಕಲಿಸಿದ.

"ಇನ್ನು ಯಾರೂ ಕಾಯಬೇಕಾಗಿಲ್ಲ!" ಎಂದು ಘೋಷಿಸಿದ (ಊಟಕ್ಕೆ ಅವನನ್ನೇ ಕಾದು ಕೂತಿದ್ದ ಹೆಂಡತಿಯ ಎದುರು).

"ದೊಡ್ಡಮ್ಮ ಮಹಿಳಾ ಮಂಡಲದ ಆಟಿ ತಿಂಗಳ ಕೂಟಕ್ಕೆ ಆರ್ಡರ್ ಕೊಡ್ತಾರಂತೆ," ಎಂದಳು ಚೈತಾಲಿ. "ಸರಿಯಾದರೆ ಕಾರ್ಕಳದ ಗಿರಾಕಿಗಳೆಲ್ಲ ನನ್ನವರು. ಎಡವಟ್ಟಾದರೆ ನಿಮ್ಮ ಆಪ್ ನನಗೆ ಬೇಡ."

ಗುರುವಾರ ಆರ್ಡರ್ ಬಂತು. ಅದರ ಬೆನ್ನಿಗೇ ಇನ್ನೊಂದು. ಮತ್ತೊಂದು. ಮಗದೊಂದು. ಎಲ್ಲವೂ ದೊಡ್ಡಮ್ಮನದ್ದೇ.

"ಇಲ್ಲಿ ನೋಡಿ, ಇದೆಂತ? ಒಂದು ಫೋನ್ ಮಾಡಿ ಕೇಳ್ಲಾ?"

"ಆಪ್ ಇಟ್ಟುಕೊಂಡು ಫೋನಾ? ಮರ್ಯಾದೆ ಉಂಟಾ ನಮಗೆ! ಒಬ್ಬೊಬ್ಬ ಸದಸ್ಯೆಯದ್ದು ಬೇರೆ ಬೇರೆ ಹಾಕಿದ್ದಾರೆ. ಅಷ್ಟೂ ಗೊತ್ತಾಗುವುದಿಲ್ವಾ ನಿನಗೆ?"

ಗೊತ್ತಾಗದವಳು ಹಿತ್ತಿಲಿನ ಕೆಸುವಿನ ಎಲೆಯನ್ನೆಲ್ಲ ಕೊಯ್ದಳು, ನೆರೆಮನೆಯ ಲೊರ್ನಾಬಾಯಿಯ ಹಿತ್ತಿಲನ್ನೂ ಬೋಳಿಸಿದಳು. ರುಬ್ಬಿದಳು, ಎಲೆಗೆ ಹಚ್ಚಿದಳು, ಸುತ್ತಿದಳು, ಬೇಯಿಸಿದಳು. ಶನಿವಾರ ಪತ್ರೊಡೆಯ ನಡುವೆ ಹೆಂಡತಿಗೂ ತನಗೂ ಜಾಗ ಮಾಡಿಕೊಂಡು ಉಜ್ವಲ ಕಾರು ಹೊರಡಿಸಿದ.

ಕಾರ್ಕಳದಲ್ಲಿ ದೊಡ್ಡಮ್ಮ ಡಿಕ್ಕಿಯೊಳಗೆ ಇಣುಕಿ ಕೆನ್ನೆಗೆ ಕೈಯಿಟ್ಟರು.

"ಎಂತ ಮಾರಾಯ್ರೇ, ಮದುವೆ ಉಂಟಾ? ನಾವಿರುವುದೇ ಹತ್ತಿಪ್ಪತ್ತು ಜನ!"

"ನೀವೇ ಒತ್ತಿದ್ದಲ್ವಾ ದೊಡ್ಡಮ್ಮ, ಮತ್ತೆ ಮತ್ತೆ?" ಉಜ್ವಲನ ಸ್ವರ ಇಳಿದಿತ್ತು.

"ಒತ್ತದೆ? ಮೊದಲು ಒತ್ತಿದ ಕೂಡಲೇ ಗಪ್ಪಂತ ನಿಲ್ತಿತ್ತು. ಪಾಪ, ಕೆಲಸ ಮಾಡ್ತಾ ಉಂಟು ಅಂತ ನಾನೂ ಸುಮ್ಮನೆ ಕೂರ್ತಿದ್ದೆ. ಈಗ ಒತ್ತಿದರೂ ಏನೂ ಆಗದ ಹಾಗೆ ಇರ್ತದೆ. ಹೇಳಿದ್ದು ಕೇಳಿತಾ ಇಲ್ವಾ ಅಂತ ಹೇಗೆ ಗೊತ್ತಾಗುವುದು?"

"ನನಗೆ ಅಭ್ಯಾಸ ಉಂಟು ದೊಡ್ಡಮ್ಮ," ಎಂದಳು ಚೈತಾಲಿ. "ಇವರಿಗೂ ಹೇಳಿದ್ದನ್ನೇ ಹೇಳ್ತಾ ಇರುವುದು ನಾನು."

ಕೂಟದ ಹೆಂಗಸರು ನಕ್ಕು ನಕ್ಕು ತಿಂದರು, ಉಳಿದದ್ದನ್ನು ಕೊಂಡು ಮನೆಗೂ ಕಟ್ಟಿಸಿಕೊಂಡರು. ಗಿರಾಕಿಗಳು ಚೈತಾಲಿಯವರಾದರು. ಆಪ್ ಮಾತ್ರ ಅಂದೇ ನಿವೃತ್ತಿ ಹೊಂದಿತು.

ಈಗ ಆರ್ಡರ್ ಬರುವುದು ಮಾತಿನಲ್ಲಿ, ಅದೂ ಉಜ್ವಲನ ನಂಬರಿಗೆ. ಆಫೀಸಿನ ಮೀಟಿಂಗಿನಿಂದ ಎದ್ದು ಹೊರಗೆ ಹೋಗಿ, ಗಿರಾಕಿಗಳು ಹೇಳಿದ್ದನ್ನೆಲ್ಲ ಅವನು ಗಟ್ಟಿಯಾಗಿ ತಿರುಗಿ ಒಪ್ಪಿಸಬೇಕು. ಅಷ್ಟಾದರೂ ಅವರು ಫೋನ್ ಇಡುವುದಿಲ್ಲ.

"ಸ್ವಲ್ಪ ನಿಲ್ಲಿ ಹಾಂ, ಒಳಗೆ ಅತ್ತೆಯನ್ನು ಒಮ್ಮೆ ಕೇಳಿ ಬರ್ತೇನೆ."

ಉಜ್ವಲ ನಿಲ್ಲುತ್ತಾನೆ.